ಒರೆಸುವ ಮುನ್ನ ಒಂದು ಫೋಟೊ

ಕೊಲೆ ನಡೆದಲ್ಲಿ ನೆಲದ ರಕ್ತವನ್ನು ಹತ್ತಿಗೆ ಅಂಟಿಸಿಕೊಂಡು ಸೀಲು ಮಾಡಿ ಕಳಿಸುವುದು ಪಂಚನಾಮೆಯ ಹಳೆಯ ರೂಢಿ. ಆ ರಕ್ತ ಯಾರದೆಂದು ಪ್ರಯೋಗಾಲಯ ಹೇಳಬಲ್ಲದು. ಹೇಗೆ ಬಿತ್ತೆಂದು ಹೇಳಲಾರದು. ಅದನ್ನು ಹೇಳಬೇಕಿದ್ದ ಆಕಾರ ಒರೆಸುವಾಗಲೇ ಅಳಿದಿರುತ್ತದೆ. ಯಾದಗಿರಿ, ಶಹಾಪುರ, ಸುರಪುರದ ಕಡೆ ಇದನ್ನು ಒತ್ತಿ ಹೇಳಬೇಕು. ಈ ಭಾಗದ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಕಲಬುರಗಿಯಲ್ಲಿದೆ. ಸುರಪುರದಿಂದ ನೂರು ಕಿ.ಮೀ. ಆಸುಪಾಸು. ತಜ್ಞರು ಬರುವಷ್ಟರಲ್ಲಿ ಬಿಸಿಲಿಗೆ ಕಲೆ ಬಿರಿದು ಚಕ್ಕೆ ಏಳಬಹುದು, ನೆರೆದವರು ತುಳಿದಿರಬಹುದು.

ಫರ್ಸಿ ನೆಲಕ್ಕೆ ನೇರ ತೊಟ್ಟಿಕ್ಕಿದ ಹನಿ ದುಂಡಗೆ ನಿಲ್ಲುತ್ತದೆ. ಓರೆಯಾಗಿ ಬಂದು ಗೋಡೆಗೆ ಬಡಿದದ್ದು ಉದ್ದಕ್ಕೆ ಎಳೆದುಕೊಂಡು, ತಾನು ಸಾಗುತ್ತಿದ್ದ ದಿಕ್ಕಿಗೆ ಬಾಲ ಚಾಚುತ್ತದೆ. ಬಾಲ ಬಿಟ್ಟು ಅಳೆದಾಗ ಅಗಲ 4 ಮಿ.ಮೀ., ಉದ್ದ 8 ಮಿ.ಮೀ. ಇದ್ದರೆ ಅದು ಬಡಿದ ಕೋನ 30 ಡಿಗ್ರಿ. ಅಗಲವನ್ನು ಉದ್ದದಿಂದ ಭಾಗಿಸಿದರೆ ಸಿಗುವುದು ಕೋನದ ಸೈನ್. ಹಲವು ಕಲೆಗಳಿಂದ ಹಿಂದಕ್ಕೆ ಗೆರೆ ಎಳೆದರೆ ಅವು ಕೂಡುವ ಕಡೆ ಪೆಟ್ಟು ಬಿದ್ದ ಜಾಗದ ಸುಳಿವು. ಆದರೆ ಹನಿ ನೆಟ್ಟಗೆ ಹಾರುವುದಿಲ್ಲ, ಬಾಗುತ್ತದೆ. ಹೀಗಾಗಿ ಈ ಲೆಕ್ಕ ಎತ್ತರವನ್ನು ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ಕೂತವನನ್ನು ನಿಂತಿದ್ದನೆಂದು ಬಗೆಯಲು ಇಷ್ಟೇ ಸಾಕು.

ಇಷ್ಟು ಎಡವುವ ವಿದ್ಯೆಯನ್ನು ನಂಬಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಮೆರಿಕದ ಇಂಡಿಯಾನಾದಲ್ಲಿ ಮಾಜಿ ಪೊಲೀಸನೊಬ್ಬನ ಅಂಗಿಯ ಸಣ್ಣ ಕಲೆಗಳು ಸಿಡಿದವೋ, ಮೈ ತಾಗಿ ಅಂಟಿದವೋ ಎಂದು ತಜ್ಞರೇ ಕಚ್ಚಾಡಿದರು. ಎರಡು ಸಲ ಶಿಕ್ಷೆಯಾಗಿ, 2013ರಲ್ಲಿ ಆತ ಖುಲಾಸೆಯಾದ. ಈ ವಿದ್ಯೆಯ ಅನಿಶ್ಚಿತತೆ ಅಗಾಧವೆಂದು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 2009ರಲ್ಲೇ ಎಚ್ಚರಿಸಿತ್ತು. ನನ್ನ ಮಟ್ಟಿಗೆ ಇದು ಕಲೆಯನ್ನು ಕಡೆಗಣಿಸಲು ಕಾರಣವಲ್ಲ, ಸರಿಯಾಗಿ ದಾಖಲಿಸಲು ಕಾರಣ. ತಜ್ಞರ ಅಭಿಪ್ರಾಯ ತಪ್ಪಿದರೆ ಫೋಟೊ ನೋಡಿ ಆರೋಪಿಯ ಪರ ವಕೀಲರೂ ಪ್ರಶ್ನಿಸಬಹುದು. ಒರೆಸಿಹೋದ ಕಲೆಯನ್ನು ಯಾರೂ ಪ್ರಶ್ನಿಸಲಾರರು.

ಠಾಣೆಯ ಪೇದೆಗೆ ಇದೆಲ್ಲ ಆದೀತೇ? ಅರ್ಥ ಹೇಳುವುದು ಅವರ ಕೆಲಸವಲ್ಲ. ಕಲೆಯ ಪಕ್ಕ ಅಳತೆಪಟ್ಟಿ ಇಟ್ಟು, ಕ್ಯಾಮೆರಾವನ್ನು ಗೋಡೆಗೆ ನೇರ ಹಿಡಿದು ತೆಗೆದರೆ ಸಾಕು. ಓರೆಯಿಂದ ತೆಗೆದರೆ ದುಂಡನೆಯ ಹನಿಯೂ ಮೊಟ್ಟೆಯಾಗಿ ಕಾಣುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಂ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ತಜ್ಞರು ಸ್ಥಳಕ್ಕೆ ಬರಬೇಕು, ವಿಡಿಯೊ ಆಗಬೇಕು ಎನ್ನುತ್ತದೆ. ಪೂರ್ತಿ ಜಾರಿಗೆ ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಇನ್ನು ಹೊಲದ ಎರೆಮಣ್ಣು ರಕ್ತವನ್ನು ಹೀರಿ ಆಕಾರ ಉಳಿಸುವುದಿಲ್ಲ, ನಿಜ. ಆದರೂ ಕೊಡಲಿಯ ಕಾವು, ಧೋತರದ ಅಂಚು, ಚಪ್ಪಲಿಯ ಪಟ್ಟಿ ಅಲ್ಲೇ ಬಿದ್ದಿರುತ್ತವೆ. ಅವನ್ನು ಮಡಚಿ ಒಂದೇ ಚೀಲಕ್ಕೆ ತುರುಕಿದರೆ ಒಂದರ ಕಲೆ ಇನ್ನೊಂದಕ್ಕೆ ಅಂಟುತ್ತದೆ. ನೆರಳಲ್ಲಿ ಆರಿಸಿ, ಬೇರೆ ಬೇರೆ ಕಾಗದದ ಪೊಟ್ಟಣದಲ್ಲಿ ಕಲಬುರಗಿಗೆ ಕಳಿಸಬೇಕು.