ಮೂತ್ರಪಿಂಡದಲ್ಲಿ ಸುಣ್ಣ: ಕ್ಯಾನ್ಸರಿನ ಭಯ ಎಷ್ಟು ನಿಜ?

ಕೊಯ್ಲು ಮುಗಿಸಿ ಬೆಂಗಳೂರಿಗೆ ಮಕ್ಕಳ ಮನೆಗೆ ಹೋದ ನಮ್ಮ ಸದಸ್ಯ ಬಾಂಧವರು ಈಚೆಗೆ ಒಂದಲ್ಲ ಒಂದು ಸ್ಕ್ಯಾನಿಂಗ್ ವರದಿ ಹಿಡಿದೇ ಹಿಂತಿರುಗುತ್ತಾರೆ. ಮಾಗಡಿ ರಸ್ತೆಯ ಹೇರೋಹಳ್ಳಿಯಲ್ಲಿ ಮಗನ ಮನೆಯಲ್ಲಿದ್ದ ಸದಸ್ಯರೊಬ್ಬರು ಬೆನ್ನುನೋವಿಗೆಂದು ಸ್ಕ್ಯಾನಿಂಗ್ ಮಾಡಿಸಿದಾಗ ಬಲ ಮೂತ್ರಪಿಂಡದಲ್ಲಿ 'ಕ್ಯಾಲ್ಸಿಫಿಕೇಷನ್' ಎಂದು ಬರೆದು ಬಂತು. ಡಾಕ್ಟರರನ್ನು ಕಾಣುವ ಮೊದಲೇ ಮನೆಯವರು ಕಿದ್ವಾಯಿ ಆಸ್ಪತ್ರೆಯ ಮಾತೆತ್ತಿದರಂತೆ. ಕಚೇರಿಗೆ ಬಂದು ಇದೇ ಪ್ರಶ್ನೆ ಕೇಳಿದವರು ಅವರೊಬ್ಬರೇ ಅಲ್ಲ. ಆದ್ದರಿಂದ ಈ ಲೇಖನ.

ಆ ದೊಡ್ಡ ಪದದ ಅರ್ಥ ಸುಣ್ಣದಂಶ ಕೂತಿದೆ ಎಂದಷ್ಟೆ. ಬಚ್ಚಲ ಹಂಡೆಯ ಒಳಮೈಗೆ ವರ್ಷಗಟ್ಟಲೆ ಬಿಳಿ ಹಕ್ಕಳೆ ಕಟ್ಟುವುದಿಲ್ಲವೆ, ಹಾಗೆ. ಮೂತ್ರ ಸಾಗುವ ದಾರಿಯಲ್ಲಿ ಕೂತರೆ ಅದು ಕಲ್ಲು. ಹಳೆಯ ಸೋಂಕು ಅಥವಾ ಕ್ಷಯ ಮಾಗಿದ ಜಾಗದಲ್ಲಿ ಕೂತರೆ ಗಾಯದ ಕಲೆ. ಎರಡೂ ಮೂತ್ರಪಿಂಡಗಳ ಮಾಂಸದಲ್ಲೇ ಹರಡಿದ್ದರೆ ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿರಬಹುದು, ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿ ಕೆಟ್ಟಿರಬಹುದು, ಕಾರಣ ಹುಡುಕಲೇಬೇಕು.

ಇನ್ನು ಕ್ಯಾನ್ಸರಿನ ಮಾತು. ಸುಣ್ಣದ ಚುಕ್ಕೆ ಬೆಳೆದು ಕ್ಯಾನ್ಸರ್ ಆಗುವುದಿಲ್ಲ. ಸಂಬಂಧವಿರುವುದು ತಿರುವುಮುರುವಾಗಿ: ಮೊದಲೇ ಗಡ್ಡೆಯಿದ್ದರೆ ಅದರೊಳಗೆ ಸತ್ತ ಭಾಗದಲ್ಲಿ ಕೆಲವೊಮ್ಮೆ ಸುಣ್ಣ ಕೂರುತ್ತದೆ. ಆದ್ದರಿಂದ ಸುಣ್ಣ ಇದೆಯೇ ಎಂಬುದಕ್ಕಿಂತ ಎಲ್ಲಿದೆ ಎಂಬುದು ಮುಖ್ಯ. ನೀರುಗುಳ್ಳೆಯ ತೆಳು ಗೋಡೆಯಲ್ಲಿ ಸಣ್ಣ ಗೆರೆಯಂತಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ಗಟ್ಟಿ ಗಡ್ಡೆಯೊಳಗಿದ್ದರೆ ಔಷಧ ಚುಚ್ಚಿ ತೆಗೆಯುವ ಸಿ.ಟಿ. ಸ್ಕ್ಯಾನ್ ಬೇಕು. ಇಂಥ ನೀರುಗುಳ್ಳೆಗಳನ್ನು ವಿಂಗಡಿಸುವ ಕ್ರಮವನ್ನು ಅಮೆರಿಕದ ಡಾ. ಬೋಸ್ನಿಯಾಕ್ 1986ರಲ್ಲಿ ಹಾಕಿಕೊಟ್ಟರು. ವೈದ್ಯರು ಇಂದಿಗೂ ಅದನ್ನೇ ಪರಿಷ್ಕರಿಸಿ ಬಳಸುತ್ತಾರೆ. ಒಂದು ಅಪವಾದವನ್ನು ಹೇಳಲೇಬೇಕು. ದೊಡ್ಡ ಕಲ್ಲನ್ನು ಕೀವು ಸಹಿತ ಹತ್ತಾರು ವರ್ಷ ಹಾಗೇ ಬಿಟ್ಟರೆ ಒಳಪದರಕ್ಕೆ ಕ್ಯಾನ್ಸರ್ ತಗಲಿದ ಉದಾಹರಣೆಗಳಿವೆ, ಬಲು ಅಪರೂಪ.

ಮೂತ್ರಪಿಂಡದ ಕ್ಯಾನ್ಸರಿಗೆ ನಿಜವಾಗಿ ದಾರಿ ಮಾಡುವುದು ಬೀಡಿ ಸಿಗರೇಟು, ಬೊಜ್ಜು ಮತ್ತು ರಕ್ತದೊತ್ತಡ. ಬೀಡಿ ಸೇದುತ್ತಲೇ ಸುಣ್ಣದ ಚುಕ್ಕೆಗೆ ಹೆದರುವವರನ್ನು ನಾನು ನೋಡಿದ್ದೇನೆ.

ನಮ್ಮ ಕವಳದ ಸುಣ್ಣದ ಕತೆ ಬೇರೆ. ತೈವಾನಿನಲ್ಲಿ ಸುಣ್ಣ ಹಚ್ಚಿದ ಅಡಿಕೆಯನ್ನು ವಿಪರೀತ ಅಗಿಯುವವರಲ್ಲಿ ರಕ್ತದ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಟ್ಟ ಪ್ರಕರಣಗಳನ್ನು ಅಲ್ಲಿನ ವೈದ್ಯರು 1996ರಲ್ಲೇ ವರದಿ ಮಾಡಿದ್ದಾರೆ. ಊಟದ ನಂತರದ ಒಂದು ಕವಳದ ಮಾತಲ್ಲ ಇದು. ದಿನವಿಡೀ ಬಾಯಾಡಿಸುವುದರ ಮಾತು. ಜೊತೆಗೆ ಯಾರನ್ನೂ ಕೇಳದೆ ನುಂಗುವ ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳನ್ನೂ ಸೇರಿಸಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು ಪ್ರಕಟಿಸಿತು. ಅದು ಬಾಯಿಯ ಕ್ಯಾನ್ಸರಿನ ಸಂಗತಿ, ಮೂತ್ರಪಿಂಡದ್ದಲ್ಲ. ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಇದನ್ನು ಬರೆಯುವುದು ಕೆಲವರಿಗೆ ಹಿಡಿಸದು, ಆದರೆ ಅಗಿಯುವವರಲ್ಲಿ ನಾವೂ ಇದ್ದೇವಲ್ಲ! ಕಾಫಿಯ ಮಟ್ಟಿಗೆ ಸಮಾಧಾನವಿದೆ: ಮೂತ್ರಕೋಶದ ಕ್ಯಾನ್ಸರಿನ ಬಗ್ಗೆ 1991ರಲ್ಲಿ ಅದೇ ಸಂಸ್ಥೆ ಕಾಫಿಯ ಮೇಲೆ ಹೊರಿಸಿದ್ದ ಶಂಕೆಯನ್ನು 2016ರಲ್ಲಿ ಕೈಬಿಟ್ಟಿತು.

ವರದಿ ಬಂದರೆ ಡಾಕ್ಟರರನ್ನು ನೇರವಾಗಿ ಕೇಳಿ: ಇದು ಕಲ್ಲೇ, ಕಲೆಯೇ, ಮಾಂಸದಲ್ಲಿದೆಯೇ, ಗಡ್ಡೆಯೊಳಗಿದೆಯೇ? ರಕ್ತದ ಕ್ಯಾಲ್ಸಿಯಂ, ಕ್ರಿಯಾಟಿನಿನ್ ನೋಡಿಸಿ. ಹಾಲು ಮೊಸರು ಬಿಡಬೇಡಿ. ಬಿಟ್ಟರೆ ಆಕ್ಸಲೇಟ್ ಹೆಚ್ಚಾಗಿ ಕಲ್ಲು ಇನ್ನಷ್ಟು ಕಟ್ಟೀತು. ಉಪ್ಪು ಇಳಿಸಿ. ತೋಟಕ್ಕೆ ಹೋಗುವಾಗ ನೀರಿನ ಬಾಟಲಿ ಇರಲಿ, ಮೂತ್ರ ತಿಳಿಯಾಗುವಷ್ಟು ಕುಡಿಯಿರಿ. ಹೃದಯ ಅಥವಾ ಮೂತ್ರಪಿಂಡ ದುರ್ಬಲವಾಗಿರುವವರು ಮಾತ್ರ ಅಳತೆಯನ್ನು ವೈದ್ಯರಲ್ಲಿ ಕೇಳಬೇಕು. ನೋವಿಲ್ಲದೆ ಮೂತ್ರ ಕೆಂಪಾದರೆ, ಒಮ್ಮೆ ಆಗಿ ನಿಂತರೂ, ಕೊಯ್ಲು ಮುಗಿಯಲಿ ಎಂದು ಕಾಯಬೇಡಿ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಇದಕ್ಕೆಂದೇ ಸರ್ಕಾರಿ ನೆಫ್ರೋ ಯೂರಾಲಜಿ ಸಂಸ್ಥೆ ಇದೆ. ಹೋಗುವಾಗ ಹಳೆಯ ಸ್ಕ್ಯಾನಿಂಗ್ ಫಿಲ್ಮುಗಳನ್ನು ಮರೆಯದೆ ಒಯ್ಯಿರಿ. ಚುಕ್ಕೆ ಐದು ವರ್ಷದಿಂದ ಇದ್ದಲ್ಲೇ ಇದೆಯೋ ಇಲ್ಲವೋ ತಿಳಿಯುವುದು ಅವುಗಳಿಂದಲೇ.