ಕೋಡ್ ಹೇಳದ್ದನ್ನು ನಾಲ್ಕು ಬಾಟಲಿ ಹೇಳಿದವು

ಸಾವಿರ ರೂಪಾಯಿಯೊಳಗೆ ಸಿಗುವ ಬ್ಲೂಟೂತ್ ಸ್ಕ್ಯಾನರ್ ಈಗ ಎಷ್ಟೋ ಪಿಕಪ್ ಡ್ರೈವರುಗಳ ಬಳಿ ಇದೆ. ಚೆಕ್ ಎಂಜಿನ್ ಲೈಟು ಹತ್ತಿದ ಕೂಡಲೇ ಸ್ಟೀರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಅದನ್ನು ಸಿಕ್ಕಿಸಿ, ಮೊಬೈಲಿನಲ್ಲಿ ಕೋಡ್ ಓದಿ, ಯಾವ ಪಾರ್ಟು ತರಬೇಕೆಂದು ಅಂಗಡಿಗೆ ಫೋನ್ ಮಾಡುತ್ತಾರೆ. ಹೀಗೆ ತಂದ ಪಾರ್ಟು ಎಷ್ಟು ಸಲ ದಂಡವಾಗುತ್ತದೆ ಎಂಬುದು ಕೋಲಾರದ ಎಪಿಎಂಸಿ ಹತ್ತಿರದ ಒಂದು ಗ್ಯಾರೇಜಿನಲ್ಲಿ ಮಧ್ಯಾಹ್ನ ಕಳೆದ ಮೇಲೆ ನನಗೆ ಮನದಟ್ಟಾಯಿತು. ಅಲ್ಲಿ ಕಂಡದ್ದರ ಗುಂಗು ಇನ್ನೂ ಇಳಿದಿಲ್ಲ.

ಶ್ರೀನಿವಾಸಪುರದ ಕಡೆಯಿಂದ ಮಂಡಿಗೆ ಟೊಮೆಟೊ ಹೊರುವ, ಬಿಎಸ್-4 ಕಾಲದ ಎರಡೂವರೆ ಲೀಟರ್ ಡೀಸೆಲ್ ಪಿಕಪ್ ಅದು. ಖಾಲಿ ಇದ್ದಾಗ ಸಲೀಸು. ಲೋಡ್ ಹಾಕಿ ಏರು ಹತ್ತಿದರೆ ಉಸಿರು ಕಟ್ಟಿದಂತಾಗಿ ಲೈಟು ಹತ್ತುತ್ತಿತ್ತು. ಕೋಡ್ ಪಿ0087: ಎಲ್ಲ ಇಂಜೆಕ್ಟರುಗಳಿಗೂ ಡೀಸೆಲ್ ಹಂಚುವ ಪೈಪಿನಲ್ಲಿ, ಅಂದರೆ ಫ್ಯೂಯಲ್ ರೈಲಿನಲ್ಲಿ, ಒತ್ತಡ ಕಡಿಮೆ. ಬೇರೊಂದು ಕಡೆ ಡೀಸೆಲ್ ಫಿಲ್ಟರ್ ಬದಲಿಸಿದ್ದರು, ಮುಂದಿನದು ಪಂಪು ಎಂದಿದ್ದರು. ಕಾಮನ್ ರೈಲ್ ಪಂಪಿನ ಬೆಲೆ ಗೊತ್ತಿದ್ದ ಡ್ರೈವರಿನ ಮುಖ ಬಾಡಿತ್ತು.

ಮೆಕ್ಯಾನಿಕ್ ಮೊದಲು ಕೇಳಿದ್ದು ಕೋಡನ್ನಲ್ಲ. “ಅಣ್ಣಾ, ಟೀ ಕುಡಿಯೋಕೆ ನಿಲ್ಸಿ ಮತ್ತೆ ಸೆಲ್ಫ್ ಹೊಡೆದರೆ ಬೇಗ ಹಿಡೀತದಾ?”

“ಇಲ್ಲ ಭಾಯ್. ಬೆಳಗ್ಗೆ ಒಂದೇ ಸಲಕ್ಕೆ ಹಿಡೀತದೆ. ಗಾಡಿ ಬಿಸಿ ಆದ ಮೇಲೆ ಸತಾಯಿಸ್ತದೆ.”

ಆ ಉತ್ತರ ಕೇಳಿ ಮೆಕ್ಯಾನಿಕ್ ತಲೆಯಾಡಿಸಿದರು. ಅದರ ಮಹತ್ವ ನನಗೆ ತಿಳಿದದ್ದು ಆಮೇಲೆ.

ಒಂದು ಕೋಡ್, ಹಲವು ಕಾರಣ

ಮಹಡಿಯ ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ಮೋಟಾರು ಸೋತಿರಬಹುದು, ಪೈಪು ಕಟ್ಟಿರಬಹುದು, ಇಲ್ಲವೇ ಕೆಳಗೆ ಯಾರೋ ಇನ್ನೊಂದು ನಲ್ಲಿ ಬಿಟ್ಟಿರಬಹುದು. ಪಿ0087ರ ಕಥೆಯೂ ಇದೇ. ಕಟ್ಟಿದ ಫಿಲ್ಟರ್, ಗಾಳಿ ಎಳೆಯುವ ಪೈಪು, ಸವೆದ ಪಂಪು, ಸುಳ್ಳು ಹೇಳುವ ಸೆನ್ಸರ್, ಸೋರುವ ಇಂಜೆಕ್ಟರ್: ಎಲ್ಲದಕ್ಕೂ ಅದೇ ಕೋಡ್. ಎಂಜಿನ್ನಿನ ಕಂಪ್ಯೂಟರ್‌ಗೆ ತಾನು ಕೇಳಿದಷ್ಟು ಒತ್ತಡ ಸಿಗಲಿಲ್ಲ ಎಂಬುದಷ್ಟೇ ಗೊತ್ತು. ಏಕೆ ಎಂಬುದು ಗೊತ್ತಿಲ್ಲ.

ಮೆಕ್ಯಾನಿಕ್ ಸ್ಕ್ಯಾನರಿನಲ್ಲಿ ಲೈವ್ ಡೇಟಾ ತೆರೆದರು. ಐಡಲ್‌ನಲ್ಲಿ ಕಂಪ್ಯೂಟರ್ ಕೇಳಿದ ಒತ್ತಡ 280 ಬಾರ್, ಸಿಕ್ಕಿದ್ದು ಹೆಚ್ಚುಕಡಿಮೆ ಅಷ್ಟೇ. ಲೋಡ್ ಹಾಕಿ ಓಡಿಸಿದಾಗ ಕೇಳಿದ್ದು 1200, ಸಿಕ್ಕಿದ್ದು 800ರ ಆಸುಪಾಸು. ಎಂಜಿನ್ ನಿಲ್ಲಿಸಿ ಕೀ ಮಾತ್ರ ಆನ್ ಮಾಡಿದಾಗ ಸೆನ್ಸರಿನ ವೈರಿನಲ್ಲಿ ಅರ್ಧ ವೋಲ್ಟ್ ಇತ್ತು. ಸೊನ್ನೆ ಒತ್ತಡಕ್ಕೆ ಇರಬೇಕಾದದ್ದೇ ಅಷ್ಟು. ಸೆನ್ಸರಿನ ಮೇಲೆ ಅನುಮಾನ ಪಡಲು ಕಾರಣ ಉಳಿಯಲಿಲ್ಲ.

ಮೆಡಿಕಲ್ ಶಾಪಿನಿಂದ ಬಂದ ಸಲಕರಣೆ

ಆಮೇಲೆ ಬಂದವು ನಾಲ್ಕು ಪಾರದರ್ಶಕ ಬಾಟಲಿಗಳು. ಅವುಗಳಿಗೆ ಸಿಕ್ಕಿಸಿದ್ದು ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸುವ ಡ್ರಿಪ್ ಸೆಟ್ಟಿನ ಪೈಪು! ಈ ಕೆಲಸಕ್ಕೆಂದೇ ಕಂಪನಿಗಳು ಮಾಡಿದ ಕಿಟ್ ಮಾರುಕಟ್ಟೆಯಲ್ಲಿದೆ. ಆದರೂ ನನಗೆ ಈ ಜೋಡಣೆಯ ಮೇಲೆಯೇ ಹೆಚ್ಚು ಪ್ರೀತಿ ಹುಟ್ಟಿತು. ಡೀಸೆಲ್ ತಾಗಿದ ಡ್ರಿಪ್ ಪೈಪು ಕೆಲವೇ ದಿನಕ್ಕೆ ಗಡುಸಾಗುತ್ತದೆ, ಅದಕ್ಕೇ ಪ್ರತಿ ಸಲ ಹೊಸದು ತರುತ್ತಾರಂತೆ.

ಇಂಜೆಕ್ಟರಿಗೆ ಬಂದ ಡೀಸೆಲ್ ಎಲ್ಲವೂ ಉರಿಯುವುದಿಲ್ಲ. ಒಳಗಿನ ಪುಟ್ಟ ವಾಲ್ವ್ ತೆರೆದು ಮುಚ್ಚುವಾಗ ಸ್ವಲ್ಪ ಭಾಗ ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ಮರಳುತ್ತದೆ. ನೀರು, ಕಸ ಬೆರೆತ ಡೀಸೆಲ್‌ನಿಂದ ಆ ವಾಲ್ವಿನ ಸೀಟು ಸವೆದರೆ ಮರಳುವ ಪ್ರಮಾಣ ಏರಿ, ರೈಲಿನ ಒತ್ತಡ ಅಲ್ಲಿಂದಲೇ ಸೋರಿಹೋಗುತ್ತದೆ. ಬಿಸಿಯಾದ ಡೀಸೆಲ್ ತೆಳುವಾಗಿ ಇನ್ನಷ್ಟು ಸೋರುತ್ತದೆ. ಟೀ ಅಂಗಡಿಯ ಪ್ರಶ್ನೆಯ ಗುಟ್ಟು ಇದೇ.

ನಾಲ್ಕೂ ಇಂಜೆಕ್ಟರುಗಳ ರಿಟರ್ನಿಗೆ ಒಂದೊಂದು ಬಾಟಲಿ ತೂಗುಹಾಕಿ, ಟ್ಯಾಂಕಿಗೆ ಹೋಗುವ ಪೈಪನ್ನು ಮುಚ್ಚಿ, ಎಂಜಿನ್ ಚಾಲು ಮಾಡಿದರು. ಮೂರು ಬಾಟಲಿಗಳಲ್ಲಿ ಎರಡೆರಡು ಬೆರಳು ಡೀಸೆಲ್ ಸೇರುವಷ್ಟರಲ್ಲಿ ಮೂರನೇ ಸಿಲಿಂಡರಿನದು ಅರ್ಧಕ್ಕೂ ಮೇಲೆ ತುಂಬಿತ್ತು. ಅನುಮಾನ ಹೋಗಲೆಂದು ಎರಡನೆಯ ಮತ್ತು ಮೂರನೆಯ ಬಾಟಲಿಗಳನ್ನು ಅದಲುಬದಲು ಮಾಡಿ ಇನ್ನೊಮ್ಮೆ ನೋಡಿದರು. ಈಗಲೂ ಮೂರನೆಯ ಇಂಜೆಕ್ಟರಿನ ಕೆಳಗಿದ್ದದ್ದೇ ತುಂಬಿತು. ಪಂಪು ಬಚಾವಾಯಿತು.

ಈ ಪರೀಕ್ಷೆ ಮಾಡಬಹುದಾದದ್ದು ರಿಟರ್ನ್ ಪೈಪಿನಲ್ಲಿ ಒತ್ತಡ ಕಡಿಮೆ ಇರುವುದರಿಂದ. ಹಿಂದೆ ಮೈಕೊ ಪಂಪಿನ ಗಾಡಿಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ಒಂದೊಂದು ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ, ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲವೆಂದು ಹಿಡಿಯುತ್ತಿದ್ದರು. ಕಾಮನ್ ರೈಲಿನಲ್ಲಿ ಅದನ್ನು ಮಾಡಲೇಬಾರದು. ಸಾವಿರ ಬಾರ್ ಮೀರಿದ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ; ಗಾಯ ಸಣ್ಣದಾಗಿ ಕಂಡರೂ ಬೆರಳನ್ನೇ ಕತ್ತರಿಸಬೇಕಾದೀತು.

ಕಾಮನ್ ರೈಲ್‌ಗೆ ಅಂಥ ದೊಡ್ಡ ಇತಿಹಾಸವಿಲ್ಲ. ಫಿಯಟ್ ಬಳಗ ರೂಪಿಸಿದ ತಂತ್ರವನ್ನು ಬಾಷ್ ಬೆಳೆಸಿತು. 1997ರಲ್ಲಿ ಆಲ್ಫಾ ರೋಮಿಯೊ 156 ಕಾರಿನಲ್ಲಿ ಅದು ಬಂತು. ಇನ್ನು ಸ್ಕ್ಯಾನರಿಗೆ ಈ ಕೋಡುಗಳನ್ನು ಕೊಡುವ, ಅಮೆರಿಕದಲ್ಲಿ 1996ರಿಂದ ಕಾರುಗಳಿಗೆ ಕಡ್ಡಾಯವಾದ ಓಬಿಡಿ-2 ವ್ಯವಸ್ಥೆ ಭಾರತಕ್ಕೆ ಬಂದದ್ದು 2013ರಲ್ಲಿ, ಬಿಎಸ್-4 ಗಾಡಿಗಳ ಮೂಲಕ. ಉದ್ದೇಶ ಹೊಗೆಯ ನಿಯಂತ್ರಣ. ರಿಪೇರಿಗೆ ನೆರವಾದದ್ದು ಅದರ ಜೊತೆಗೆ ಬಂದ ಲಾಭ.

ಆ ಲಾಭವನ್ನು ನಾವೇ ಹಾಳುಮಾಡಿಕೊಳ್ಳುವುದು ಆ್ಯಪಿನ ‘ಕ್ಲಿಯರ್’ ಬಟನ್ನಿನಿಂದ. ಕೋಡ್ ದಾಖಲಾದ ಕ್ಷಣದ ಆರ್‌ಪಿಎಂ, ವೇಗ, ಎಂಜಿನ್ನಿನ ಬಿಸಿ, ಲೋಡ್ ಎಲ್ಲ ಫ್ರೀಜ್ ಫ್ರೇಮ್ ಆಗಿ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ಕ್ಲಿಯರ್ ಒತ್ತಿದರೆ ಅದೂ ಅಳಿಸಿಹೋಗುತ್ತದೆ, ಕಾಯಿಲೆ ಮಾತ್ರ ಹಾಗೇ ಉಳಿಯುತ್ತದೆ. ಪಿಕಪ್ ಇರುವವರಿಗೆ ನಾನು ಹೇಳುವುದಿಷ್ಟು: ಅಳಿಸುವ ಮುನ್ನ ಕೋಡನ್ನೂ ಫ್ರೀಜ್ ಫ್ರೇಮನ್ನೂ ಫೋಟೊ ತೆಗೆದಿಡಿ. ಪಂಪು ಹೋಗಿದೆ ಎಂದವರನ್ನು ಯಾವ ಅಳತೆಯಿಂದ ತಿಳಿಯಿತು ಎಂದು ಕೇಳಿ. ಹೊಸ ಇಂಜೆಕ್ಟರ್ ಹಾಕಿಸಿದರೆ, ಅದರ ತಲೆಯ ಮೇಲೆ ಕೆತ್ತಿದ ಸಂಖ್ಯೆಯನ್ನು ಕಂಪ್ಯೂಟರಿಗೆ ಬರೆಯಬೇಕಾದ ಗಾಡಿಯೇ ಎಂದು ವಿಚಾರಿಸಿ. ಅಳತೆ ತೋರಿಸಿ ಬಿಲ್ ಕೊಡುವ ಗ್ಯಾರೇಜು ಸಿಕ್ಕಿದರೆ, ನಾಲ್ಕು ಕಿಲೋಮೀಟರ್ ದೂರವಾದರೂ ಅಲ್ಲಿಗೇ ಹೋಗಿ.