ಚಿಪ್ಸ್ ರಾಶಿ, ಅಡಿಕೆ ಲೆಕ್ಕ

ಮಳೆಗಾಲದ ಜಗಲಿಯ ಇಸ್ಪೀಟು ಮೊಬೈಲಿಗೂ ಬಂದಿದೆ. ರೂಪಾಯಿ ಪಣವಿಲ್ಲದೆ, ಬರೀ ಚಿಪ್ಸ್‌ನಲ್ಲಿ ಪೋಕರ್ ಟೂರ್ನಮೆಂಟ್ ಆಡಿ 'ನಂದು ಲಾಭದಲ್ಲಿದೆ' ಎನ್ನುವವರು ಸಾಗರ, ಹೊಸನಗರ, ತೀರ್ಥಹಳ್ಳಿಯವರಾದರೆ ಅಡಿಕೆಯ ಲೆಕ್ಕ ಬಲ್ಲವರೇ. ಅದೇ ಲೆಕ್ಕ ಇಲ್ಲೂ ಸಾಕು.

ತಪ್ಪು ಕಲ್ಪನೆ: ಖಾತೆಯಲ್ಲಿ ಚಿಪ್ಸ್ ಬೆಳೆದರೆ ಲಾಭ.
ಸತ್ಯ: ಬಿಟ್ಟಿ ಸಿಕ್ಕ ಚಿಪ್ಸೂ ಆ ರಾಶಿಯಲ್ಲೇ ಇರುತ್ತವೆ. ಬಂದ ಬಹುಮಾನದಲ್ಲಿ ಪ್ರವೇಶಕ್ಕೆ ಕೊಟ್ಟದ್ದನ್ನು ಕಳೆಯಿರಿ. ಉಳಿದದ್ದು ಕೊಟ್ಟದ್ದರ ಶೇಕಡಾ ಎಷ್ಟು ಎಂಬುದೇ ಪ್ರತಿಫಲ. 1,100 ಚಿಪ್ಸ್‌ನ 100 ಟೂರ್ನಮೆಂಟಿಗೆ ಕೊಟ್ಟದ್ದು 1,10,000, ಬಂದದ್ದು 1,32,000 ಆದರೆ ಪ್ರತಿಫಲ ಶೇ 20.

ತಪ್ಪು ಕಲ್ಪನೆ: ಸಣ್ಣ ಶುಲ್ಕವನ್ನು ಬಿಟ್ಟರೂ ನಡೆಯುತ್ತದೆ.
ಸತ್ಯ: ಆ 1,100ರಲ್ಲಿ 100 ಶುಲ್ಕವೆಂದುಕೊಳ್ಳಿ. ಅದನ್ನು ಬಿಟ್ಟರೆ ಶೇ 20 ಇದ್ದದ್ದು ಶೇ 32 ಆಗಿ ಕಾಣುತ್ತದೆ. ಸೋತು ಮತ್ತೆ ಒಳಬರಲು ಕೊಟ್ಟ ರೀಬೈ ಕೂಡ ಖರ್ಚೇ. ಔಷಧಿ ಹೊಡೆಸಿದ್ದು, ಕೊನೆ ಕೊಯ್ಸಿದ್ದು ಬಿಟ್ಟು ಮಂಡಿಯ ಪಟ್ಟಿಯ ಮೊತ್ತವನ್ನೇ ಲಾಭವೆನ್ನುವವರುಂಟೇ?

ತಪ್ಪು ಕಲ್ಪನೆ: ಹೆಚ್ಚು ಸಲ ಬಹುಮಾನ ಪಡೆದವನೇ ಗಟ್ಟಿಗ.
ಸತ್ಯ: ಹತ್ತು ಆಟಕ್ಕೆ ಇಬ್ಬರೂ ಕೊಟ್ಟದ್ದು 11,000. ಒಬ್ಬ ಮೂರು ಸಲ ತಲಾ 2,000 ಗೆದ್ದ: 5,000 ನಷ್ಟ. ಇನ್ನೊಬ್ಬ ಒಂದೇ ಸಲ 20,000 ಗೆದ್ದ: 9,000 ಲಾಭ.

ತಪ್ಪು ಕಲ್ಪನೆ: ನೂರು ಆಟವಾದರೆ ಕೈಗುಣ ಗೊತ್ತಾಗುತ್ತದೆ.
ಸತ್ಯ: ಬಹುಮಾನದ ದೊಡ್ಡ ಪಾಲು ಮೊದಲ ಕೆಲವು ಸ್ಥಾನಗಳಿಗೇ ಹೋಗುತ್ತದೆ. ಮೇಲಿನ 1,32,000ದಲ್ಲಿ 30,000 ಒಂದೇ ಗೆಲುವಿನದಾಗಿದ್ದರೆ, ಅದೊಂದು ತಪ್ಪಿದ್ದರೂ ಸುಮಾರು ಶೇ 7 ನಷ್ಟ. ಒಂದು ವರ್ಷದ ಫಸಲು ನೋಡಿ ತೋಟಕ್ಕೆ ಬೆಲೆ ಕಟ್ಟುವುದಿಲ್ಲ. ಮಳೆಗೆ ಸಿಗ್ನಲ್ ಹೋಗಿ ಸೋತ ಆಟವನ್ನೂ ಬರೆದಿಡಬೇಕು; ನೀವಿಲ್ಲದಿದ್ದರೂ ಬ್ಲೈಂಡ್ ಎಂಬ ಕಡ್ಡಾಯ ಪಣದ ಕಡಿತ ನಿಲ್ಲುವುದಿಲ್ಲ.

ತಪ್ಪು ಕಲ್ಪನೆ: ಇಲ್ಲಿ ಶೇ 20 ಬಂದರೆ ದುಡ್ಡಿನ ಆಟದಲ್ಲೂ ಬರುತ್ತದೆ, ಹೈಕೋರ್ಟೇ ಒಪ್ಪಿದೆಯಲ್ಲ.
ಸತ್ಯ: ಕಳೆದುಕೊಳ್ಳುವ ಭಯವಿಲ್ಲದಾಗ ಎದುರಾಳಿಗಳು ಕೈಬಿಚ್ಚಿ ಆಡುತ್ತಾರೆ, ಆ ಲೆಕ್ಕ ಬೇರೆಡೆಗೆ ಹೊಂದದು. ಹಣದ ಆನ್‌ಲೈನ್ ಆಟಗಳ ಮೇಲೆ ರಾಜ್ಯ 2021ರಲ್ಲಿ ಹೇರಿದ ನಿಷೇಧವನ್ನು ಕರ್ನಾಟಕ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿದ್ದು ನಿಜ. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕೇಂದ್ರದ ಕಾಯ್ದೆ, ಕೌಶಲವೋ ಅದೃಷ್ಟವೋ ಎಂದು ನೋಡದೆ ಹಣದ ಆನ್‌ಲೈನ್ ಆಟಗಳನ್ನೇ ನಿಷೇಧಿಸುತ್ತದೆ.

ಇನ್ನು, ರೂಪಾಯಿ ಕೊಟ್ಟು ಚಿಪ್ಸ್ ಕೊಂಡಿದ್ದೀರಾ? ಅವು ಮತ್ತೆ ರೂಪಾಯಿ ಆಗುವುದಿಲ್ಲ. ಆ ಹೂಡಿಕೆಯ ಪ್ರತಿಫಲ ಎಷ್ಟು ಗೆದ್ದರೂ ಒಂದೇ: ಮೈನಸ್ ಶೇ 100.